ಸ್ಕ್ರಿಪ್ಟ್ ‘ಆಯ್ತು’ ಅನ್ನುತ್ತದೆ, ಸೋರ್ಸ್‌ನಲ್ಲಿ ಪ್ಯಾಚ್ ಇಲ್ಲ: ತಪ್ಪು ಹುಡುಕುವ ಬಗೆ

ಚಿಕ್ಕದೊಂದು ನೆಟ್‌ವರ್ಕ್ ಡಬ್ಬಿಗೆ ಲಿನಕ್ಸ್ ಕರ್ನಲ್ ಬಿಲ್ಡ್ ಮಾಡುವ ಕೆಲಸ. ಸೋರ್ಸ್ ಟಾರ್‌ಬಾಲ್ (ಸೋರ್ಸ್ ಫೈಲ್‌ಗಳನ್ನೆಲ್ಲಾ ಒಂದರಲ್ಲಿ ಕಟ್ಟಿದ ಗಂಟು) ಬಿಚ್ಚಬೇಕು, ಅದರ ಮೇಲೆ ನಮ್ಮ 14 ಪ್ಯಾಚ್ (ಯಾವ ಫೈಲ್‌ನಲ್ಲಿ ಯಾವ ಸಾಲು ತೆಗೆದು ಯಾವುದು ಸೇರಿಸಬೇಕು ಅಂತ ಹೇಳುವ ಫೈಲ್) ಹಾಕಬೇಕು, ಕಂಪೈಲ್ ಮಾಡಿ ಇಮೇಜ್ ತೆಗೆಯಬೇಕು. ಇಷ್ಟನ್ನೂ ಒಂದು ಶೆಲ್ ಸ್ಕ್ರಿಪ್ಟ್ ಮಾಡುತ್ತಿತ್ತು. 14ನೆಯ ಪ್ಯಾಚ್ ಹೊಸದು. ಲೋಡ್ ಜಾಸ್ತಿಯಾದಾಗ ಒಂದು ಡ್ರೈವರ್ ಹ್ಯಾಂಗ್ ಆಗುತ್ತಿತ್ತು, ಅದನ್ನು ಸರಿ ಮಾಡುವ ಪ್ಯಾಚ್ ಅದು. ರಾತ್ರಿ ಸ್ಕ್ರಿಪ್ಟ್ ಓಡಿತು. ಲಾಗ್‌ನ ಕೊನೆಯಲ್ಲಿ ‘ಎಲ್ಲಾ ಪ್ಯಾಚ್ ಆಯ್ತು’ ಅಂತ ಬಂದಿತ್ತು. ಬೆಳಿಗ್ಗೆ ಇಮೇಜ್ ಹಾಕಿ ನೋಡಿದರೆ ಅದೇ ಹ್ಯಾಂಗ್.

ಎರಡು ದಿನ ನಾವು ಡ್ರೈವರ್ ಕೋಡ್ ಓದಿದೆವು. ಲಾಕ್ ತಪ್ಪಿದೆಯಾ, ಟೈಮರ್ ತಪ್ಪಿದೆಯಾ ಅಂತ ತಲೆ ಕೆಡಿಸಿಕೊಂಡೆವು. ಮೂರನೆಯ ದಿನ ಟೀಮ್‌ಗೆ ಹೊಸದಾಗಿ ಸೇರಿದ್ದ ಹುಡುಗಿ ಬಿಲ್ಡ್ ಆದ ಸೋರ್ಸ್ ತೆರೆದು ಕೂತವಳು, ‘ಸರ್, ಪ್ಯಾಚ್‌ನಲ್ಲಿರೋ ಸಾಲು ಈ ಫೈಲ್‌ನಲ್ಲಿ ಇಲ್ವಲ್ಲ’ ಅಂದಳು. ಇರಲಿಲ್ಲ. ಪ್ಯಾಚ್ ಹತ್ತೇ ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಇಂಥ ಸ್ಕ್ರಿಪ್ಟ್‌ಗಳನ್ನು ಬಹಳ ನೋಡಿದ್ದೇನೆ. ಒಂದು ಮಾತು ನನಗೆ ಗಟ್ಟಿಯಾಗಿ ಗೊತ್ತಾಗಿದೆ. ಈ ಫೈಲ್‌ಗಳನ್ನು ಸೋರ್ಸ್ ಮೇಲೆ ಹಾಕುವ ಪ್ಯಾಚ್ ಕಮಾಂಡ್ ಹೆಚ್ಚಿನ ಸಲ ಆದದ್ದನ್ನು ಆದ ಹಾಗೇ ಹೇಳುತ್ತದೆ. ಅದರ ಸುತ್ತ ನಾವು ಕಟ್ಟಿದ ಸ್ಕ್ರಿಪ್ಟ್ ಆ ಮಾತನ್ನು ನುಂಗಿಬಿಡುತ್ತದೆ. ಇದಕ್ಕೆ ಕಾರಣವೂ ಇದೆ. ಲ್ಯಾರಿ ವಾಲ್ 1985ರಲ್ಲಿ ಈ ಕಮಾಂಡ್ ಬರೆದಾಗ, ಅದನ್ನು ಓಡಿಸುವ ಮನುಷ್ಯ ಟರ್ಮಿನಲ್ ಮುಂದೆ ಕೂತಿರುತ್ತಾನೆ ಅನ್ನುವ ಲೆಕ್ಕ ಇತ್ತು. ಅದಕ್ಕೇ ಅದು ಪ್ರಶ್ನೆ ಕೇಳುತ್ತದೆ, ಎಚ್ಚರಿಕೆ ಹೇಳುತ್ತದೆ, ಸಾಲು ಸ್ವಲ್ಪ ಸರಿದಿದ್ದರೂ ಹೊಂದಿಸಿಕೊಳ್ಳುತ್ತದೆ. ಸ್ಕ್ರಿಪ್ಟ್‌ನೊಳಗೆ ಹಾಕಿದಾಗ ಆ ಪ್ರಶ್ನೆಗೆ ಉತ್ತರ ಕೊಡುವವರು ಇಲ್ಲ, ಎಚ್ಚರಿಕೆ ಓದುವವರೂ ಇಲ್ಲ. ಹಾಗಾಗಿ ತಪ್ಪು ಹುಡುಕುವಾಗ ಪ್ಯಾಚ್‌ನ ಮಾತು ಎಲ್ಲಿ ಕಳೆದುಹೋಯಿತು ಅಂತ ಹುಡುಕಬೇಕು.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಆಪ್ಷನ್ ದೊಡ್ಡಕ್ಷರದಲ್ಲಿ ಇರಬೇಕಾದ ಕಡೆ ಹಾಗಂತ ಹೇಳಿದ್ದೇನೆ, ಯಾಕೆಂದರೆ ದೊಡ್ಡ ಎನ್ ಬೇರೆ, ಸಣ್ಣ ಎನ್ ಬೇರೆ. ಹೇಳಿರುವುದು ಗ್ನೂ ಪ್ಯಾಚ್ ಬಗ್ಗೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದು ಅದೇ.

ಮೊದಲ ಕೆಲಸ: ಪ್ಯಾಚ್ ನಿಜವಾಗಿ ಇದೆಯಾ?

ಲಾಗ್ ಬಿಡಿ. ಸೋರ್ಸ್ ನೋಡಿ. ಪ್ಯಾಚ್ ಫೈಲ್‌ನಲ್ಲಿ ಕೂಡಿಸುವ ಚಿಹ್ನೆಯಿಂದ ಶುರುವಾಗುವ ಸಾಲುಗಳಲ್ಲಿ ಬೇರೆಲ್ಲೂ ಸಿಗದಂಥ ಒಂದನ್ನು ಆರಿಸಿ, ಮುಂದಿನ ಚಿಹ್ನೆ ತೆಗೆದು, ಗ್ರೆಪ್ -ಎಫ್ ಹಾಕಿ ಹುಡುಕಿ. ಇಲ್ಲಿ ಎಫ್ ದೊಡ್ಡಕ್ಷರ. ಕೋಡ್‌ನಲ್ಲಿರುವ ಚುಕ್ಕಿ, ನಕ್ಷತ್ರಗಳಿಗೆ ಬೇರೆ ಅರ್ಥ ಹಚ್ಚದೆ ಇದ್ದ ಹಾಗೇ ಹುಡುಕಲಿ ಅಂತ. ಅರ್ಧ ನಿಮಿಷದ ಕೆಲಸ. ನಾವು ಇದನ್ನು ಮೊದಲ ದಿನ ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಇದಕ್ಕಿಂತ ಗಟ್ಟಿ ಪರೀಕ್ಷೆ ಇನ್ನೊಂದಿದೆ. ಪ್ಯಾಚನ್ನು ತಿರುಗಿಸಿ ಹಾಕಲು ಬರುತ್ತದಾ ಅಂತ ಕೇಳುವುದು: ಪ್ಯಾಚ್ -ಪಿ1 -ಆರ್ -ಎಫ್ --ಡ್ರೈ-ರನ್ -ಐ, ಆಮೇಲೆ ಫೈಲ್ ಹೆಸರು. ಆರ್ ದೊಡ್ಡಕ್ಷರ, ಎಫ್ ಸಣ್ಣಕ್ಷರ. ಡ್ರೈ-ರನ್ ಇರುವುದರಿಂದ ಯಾವ ಫೈಲೂ ಬದಲಾಗುವುದಿಲ್ಲ. ತಿರುಗಿಸಿ ತೆಗೆಯಲು ಆಗುತ್ತದೆ ಅಂದರೆ ಪ್ಯಾಚ್ ಒಳಗೆ ಇದೆ. ಆಗುವುದಿಲ್ಲ ಅಂದರೆ ಇಲ್ಲ, ಅಥವಾ ಆಮೇಲಿನ ಯಾವುದೋ ಪ್ಯಾಚ್ ಅದೇ ಸಾಲುಗಳನ್ನು ಮುಟ್ಟಿದೆ. ಈ ಎರಡನೆಯ ಸಾಧ್ಯತೆ ಮರೆಯಬೇಡಿ. 5ನೆಯ ಪ್ಯಾಚ್ ಸೇರಿಸಿದ ಸಾಲನ್ನು 9ನೆಯದು ತಿದ್ದಿದ್ದರೆ, 5 ಇದ್ದೂ ಇಲ್ಲದ ಹಾಗೆ ಕಾಣುತ್ತದೆ.

ಹಾಗೇ ಲಾಗ್‌ನಲ್ಲಿ ಒಂದು ಪದ ನೋಡಿಕೊಳ್ಳಿ. ನಿಜವಾಗಿ ಪ್ಯಾಚ್ ಹಾಕುವಾಗ ‘ಪ್ಯಾಚಿಂಗ್ ಫೈಲ್’ ಅಂತ ಬರುತ್ತದೆ. ಡ್ರೈ-ರನ್‌ನಲ್ಲಿ ‘ಚೆಕಿಂಗ್ ಫೈಲ್’ ಅಂತ ಬರುತ್ತದೆ. ಪರೀಕ್ಷೆಗೆ ಅಂತ ಸೇರಿಸಿದ ಡ್ರೈ-ರನ್ ಸ್ಕ್ರಿಪ್ಟ್‌ನಲ್ಲೇ ಉಳಿದುಬಿಟ್ಟಿರುವುದನ್ನು ಎರಡು ಸಲ ನೋಡಿದ್ದೇನೆ.

ಎಕ್ಸಿಟ್ ಕೋಡ್ ಎಲ್ಲಿ ಕಳೆಯಿತು?

ಪ್ಯಾಚ್ ಮುಗಿದ ಮೇಲೆ ಮೂರರಲ್ಲಿ ಒಂದು ಅಂಕಿ ಬಿಟ್ಟು ಹೋಗುತ್ತದೆ, ಅದೇ ಎಕ್ಸಿಟ್ ಕೋಡ್. 0 ಅಂದರೆ ಎಲ್ಲಾ ಹಂಕ್‌ಗಳೂ ಕೂತವು. ಹಂಕ್ ಅಂದರೆ ಪ್ಯಾಚ್‌ನ ಒಂದೊಂದು ತುಂಡು. 1 ಅಂದರೆ ಕೆಲವು ಹಂಕ್ ಕೂರಲಿಲ್ಲ. 2 ಅಂದರೆ ಅದಕ್ಕಿಂತ ದೊಡ್ಡ ತೊಂದರೆ: ಪ್ಯಾಚ್ ಫೈಲೇ ಸಿಗಲಿಲ್ಲ, ಇಲ್ಲವೇ ಓದಲು ಬರದ ಹಾಗೆ ಕೆಟ್ಟಿದೆ. ಸ್ಕ್ರಿಪ್ಟ್ ಪಕ್ಕಕ್ಕಿಟ್ಟು, ಹೊಸದಾಗಿ ಬಿಚ್ಚಿದ ಸೋರ್ಸ್ ಮೇಲೆ ತೊಂದರೆ ಕೊಡುವ ಪ್ಯಾಚನ್ನು ಕೈಯಿಂದ ಹಾಕಿ, ತಕ್ಷಣ ಡಾಲರ್-ಪ್ರಶ್ನಾರ್ಥಕ ಚಿಹ್ನೆಯನ್ನು ಎಕೋ ಮಾಡಿ, ಈಗಷ್ಟೇ ಮುಗಿದ ಕಮಾಂಡ್‌ನ ಕೋಡ್ ಅದರಲ್ಲಿರುತ್ತದೆ. ಕೈಯಿಂದ ಹಾಕಿದಾಗ 1 ಬಂದು, ಸ್ಕ್ರಿಪ್ಟ್ ಮಾತ್ರ ‘ಆಯ್ತು’ ಅಂದಿದ್ದರೆ, ನುಂಗಿದ್ದು ಸ್ಕ್ರಿಪ್ಟೇ.

ನುಂಗುವ ದಾರಿಗಳಲ್ಲಿ ಹೆಚ್ಚು ಕಾಣುವುದು ಪೈಪ್, ಅಂದರೆ ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವುದು. ಪ್ಯಾಚ್‌ನ ಔಟ್‌ಪುಟ್ ಪರದೆಯ ಮೇಲೂ ಬರಲಿ, ಲಾಗ್‌ಗೂ ಹೋಗಲಿ ಅಂತ ಟೀ ಕಮಾಂಡ್‌ಗೆ ಪೈಪ್ ಹಾಕಿರುತ್ತೇವೆ. ಆಗ ಶೆಲ್ ಹೇಳುವುದು ಕೊನೆಯ ಕಮಾಂಡ್‌ನ, ಅಂದರೆ ಟೀ ಕಮಾಂಡ್‌ನ ಎಕ್ಸಿಟ್ ಕೋಡ್. ಟೀ ಲಾಗ್ ಬರೆದು ಮುಗಿಸಿದರೆ ಅದಕ್ಕೆ 0. ಪ್ಯಾಚ್ ಬಿದ್ದುಹೋಗಿದ್ದರೂ 0. ಬ್ಯಾಶ್ ಅನ್ನುವ ಶೆಲ್‌ನಲ್ಲಿ ಸೆಟ್ -ಓ ಪೈಪ್‌ಫೇಲ್ ಹಾಕಿದರೆ ಇದು ಸರಿಹೋಗುತ್ತದೆ. ಆದರೆ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಬದಲು ಬರೀ ಎಸ್‌ಎಚ್ ಅಂತಿದ್ದರೆ ಹುಷಾರು. 2006ರ ಉಬುಂಟು 6.10ರಿಂದ ಅಲ್ಲಿ ಎಸ್‌ಎಚ್ ಅಂದರೆ ಡ್ಯಾಶ್ ಅನ್ನುವ ಇನ್ನೊಂದು ಶೆಲ್. ಹಳೆಯ ಡ್ಯಾಶ್‌ಗೆ ಪೈಪ್‌ಫೇಲ್ ಗೊತ್ತಿಲ್ಲ, ‘ಇಲ್ಲೀಗಲ್ ಆಪ್ಷನ್’ ಅಂತ ನಿಲ್ಲುತ್ತದೆ. ಶೆಲ್‌ಗಳು ಹೇಗಿರಬೇಕು ಅಂತ ಹೇಳುವ ಪೋಸಿಕ್ಸ್ ಮಾನಕಕ್ಕೆ ಪೈಪ್‌ಫೇಲ್ ಸೇರಿದ್ದು 2024ರ ಆವೃತ್ತಿಯಲ್ಲಿ. ನನಗೆ ಇಷ್ಟವಾದ ದಾರಿ ಬೇರೆ, ಪೈಪೇ ಬೇಡ. ಔಟ್‌ಪುಟ್ಟನ್ನು ನೇರವಾಗಿ ಲಾಗ್ ಫೈಲ್‌ಗೆ ಕಳಿಸಿ, ಮರುಸಾಲಿನಲ್ಲೇ ಎಕ್ಸಿಟ್ ಕೋಡನ್ನು ಒಂದು ವೇರಿಯಬಲ್‌ಗೆ ತುಂಬಿಸಿ, ಆಮೇಲೆ ಲಾಗನ್ನು ಪರದೆಗೆ ತೋರಿಸಿ. ಯಾವ ಶೆಲ್ ಆದರೂ ನಡೆಯುತ್ತದೆ.

ಮರುಸಾಲಿನಲ್ಲೇ ಅಂದದ್ದು ಬೇಕಂತಲೇ. ನಡುವೆ ಒಂದು ಎಕೋ ಬಂದರೂ ಸಾಕು, ಡಾಲರ್-ಪ್ರಶ್ನಾರ್ಥಕದಲ್ಲಿ ಇರುವುದು ಆ ಎಕೋದ ಕೋಡ್. ಎಕೋ ಸೋಲುವುದು ಅಪರೂಪ.

ಸೆಟ್ -ಇ ಹಾಕಿದ್ದೇವೆ, ಎಲ್ಲಿ ತಪ್ಪಾದರೂ ಸ್ಕ್ರಿಪ್ಟ್ ನಿಲ್ಲುತ್ತದೆ ಅಂತ ಬಹಳ ಜನ ನಂಬಿರುತ್ತಾರೆ. ಪ್ಯಾಚ್ ಹಾಕುವ ಫಂಕ್ಷನ್ನನ್ನು ಇಫ್ ಷರತ್ತಿನೊಳಗೆ ಕರೆದರೆ, ಆ ಫಂಕ್ಷನ್‌ನ ಒಳಗೆಲ್ಲಾ ಸೆಟ್ -ಇ ಕೆಲಸ ಮಾಡುವುದಿಲ್ಲ. ಒಳಗೆ ಪ್ಯಾಚ್ ಬಿದ್ದರೂ ಮುಂದಿನ ಸಾಲು ಓಡುತ್ತದೆ. ಸೆಟ್ -ಇ ಇರಲಿ, ಆದರೆ ಪ್ಯಾಚ್ ಸಾಲಿನ ಕೋಡನ್ನು ನೀವೇ ಕೈಯಾರೆ ನೋಡಿ.

ಇನ್ನೊಂದು ಜಾಗ ಲೂಪ್. ಕ್ಯಾಟ್ ಕಮಾಂಡ್‌ನಿಂದ ಪ್ಯಾಚ್ ಹೆಸರುಗಳ ಪಟ್ಟಿ ತೆಗೆದು ಪೈಪ್ ಮೂಲಕ ವೈಲ್ ಲೂಪ್‌ಗೆ ಕೊಟ್ಟರೆ, ಬ್ಯಾಶ್, ಡ್ಯಾಶ್ ಎರಡರಲ್ಲೂ ಆ ಲೂಪ್ ಸಬ್‌ಶೆಲ್‌ನಲ್ಲಿ, ಅಂದರೆ ಶೆಲ್‌ನ ಬೇರೆಯೇ ಒಂದು ಪ್ರತಿಯಲ್ಲಿ ಓಡುತ್ತದೆ. ಒಳಗೆ ಎಕ್ಸಿಟ್ 1 ಅಂದರೆ ಹೊರಗೆ ಹೋಗುವುದು ಸಬ್‌ಶೆಲ್ ಮಾತ್ರ. ಸೆಟ್ -ಇ ಇಲ್ಲದಿದ್ದರೆ ಹೊರಗಿನ ಸ್ಕ್ರಿಪ್ಟ್ ಮುಂದೆ ಸಾಗಿ ‘ಎಲ್ಲಾ ಆಯ್ತು’ ಅನ್ನುತ್ತದೆ. ಎಷ್ಟು ಪ್ಯಾಚ್ ಆಯಿತು ಅಂತ ಒಳಗೆ ಎಣಿಸಿದ್ದೂ ಹೊರಗೆ ಬಂದಾಗ ಸೊನ್ನೆ. ಪೈಪ್ ತೆಗೆದು, ಲೂಪ್ ಮುಗಿಸುವ ಡನ್ ಪದ ಆದ ಮೇಲೆ ಫೈಲನ್ನು ರೀಡೈರೆಕ್ಟ್ ಮಾಡಿ.

ಎರಡನೆಯ ಸಲ ಓಡಿಸಿದಾಗ ಕೆಡುವುದು

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗಂಟು ಇದು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಕ್ರಿಪ್ಟ್ ಮೊದಲ ಸಲ ಸರಿಯಾಗಿ ಓಡಿರುತ್ತದೆ. ಕಂಪೈಲ್‌ನಲ್ಲಿ ಏನೋ ತಪ್ಪಾಗಿ ಮತ್ತೆ ಓಡಿಸುತ್ತೀರಿ. ಆಗಲೇ ಪ್ಯಾಚ್ ಹತ್ತಿರುವ ಸೋರ್ಸ್ ಮೇಲೆ ಅದೇ ಪ್ಯಾಚ್ ಮತ್ತೆ ಬರುತ್ತದೆ. ಪ್ಯಾಚ್ ಕಮಾಂಡ್ ಅದನ್ನು ಗುರುತಿಸಿ ‘ರಿವರ್ಸ್ಡ್ ಆರ್ ಪ್ರೀವಿಯಸ್ಲಿ ಅಪ್ಲೈಡ್ ಪ್ಯಾಚ್ ಡಿಟೆಕ್ಟೆಡ್’ ಅನ್ನುತ್ತದೆ. ತಿರುಗಿಸಿ ಹಾಕಲಾ ಅಂತ ಕೇಳಿ ಉತ್ತರಕ್ಕೆ ಕಾಯುತ್ತದೆ. ಈ ಪ್ರಶ್ನೆಯ ಉತ್ತರವನ್ನು ಅದು ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದುವುದಿಲ್ಲ, ನೇರವಾಗಿ ಟರ್ಮಿನಲ್ಲನ್ನು ಕೇಳುತ್ತದೆ. ಅದಕ್ಕೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರಿಪ್ಟ್ ಸುಮ್ನೆ ನಿಂತ ಹಾಗೆ ಕಾಣುತ್ತದೆ. ಟರ್ಮಿನಲ್ಲೇ ಇಲ್ಲದ ಬಿಲ್ಡ್ ಸರ್ವರ್‌ನಲ್ಲಿ ‘ಬೇಡ’ ಅನ್ನುವ ಉತ್ತರ ತಾನೇ ಹಿಡಿದು, ಪ್ಯಾಚ್ ಬಿಟ್ಟು, ಕೋಡ್ 1 ಕೊಡುತ್ತದೆ. ‘ನನ್ನಲ್ಲಿ ನಿಲ್ಲುತ್ತೆ, ಸರ್ವರ್‌ನಲ್ಲಿ ಬೀಳುತ್ತೆ’ ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

ಇದನ್ನು ತಪ್ಪಿಸಲು ಜನ ಮೂರು ದಾರಿ ಹಿಡಿಯುತ್ತಾರೆ. ಮೂರರಲ್ಲೂ ಅಪಾಯ ಇದೆ.

ಒಂದು, ದೊಡ್ಡಕ್ಷರದ -ಎನ್. ಇದು ಪ್ರಶ್ನೆ ಕೇಳದೆ ಬಿಟ್ಟು ಮುಂದೆ ಹೋಗುತ್ತದೆ. ಆದರೆ ಆಗಲೂ ಕೋಡ್ 1 ಬರುತ್ತದೆ, ಜೊತೆಗೆ ಕೂರದ ಹಂಕ್‌ಗಳನ್ನು ಬರೆದಿಡುವ ಒಂದು .ರೆಜ್ (ರಿಜೆಕ್ಟ್) ಫೈಲೂ ಬೀಳುತ್ತದೆ. ನಿಜವಾಗಿ ಕೂರದ ಪ್ಯಾಚ್‌ಗೂ 1, ಆಗಲೇ ಕೂತ ಪ್ಯಾಚ್‌ಗೂ 1. ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಎರಡು, ಆ 1 ಕಾಟ ಕೊಡುತ್ತದೆ ಅಂತ ಸಾಲಿನ ಕೊನೆಗೆ ‘ಅಥವಾ ಟ್ರೂ’ ಅಂತ ಎರಡು ನಿಲುಗೆರೆ ಎಳೆದು ಸೇರಿಸುವುದು. ಅಲ್ಲಿಗೆ ಪ್ಯಾಚ್ ಇನ್ನು ಏನು ಹೇಳಿದರೂ ಕೇಳುವವರಿಲ್ಲ. ಸ್ಕ್ರಿಪ್ಟ್‌ನಲ್ಲಿ ಈ ತುಂಡು ಕಂಡರೆ ಅಲ್ಲೇ ನಿಲ್ಲಿ, ತಪ್ಪು ಸಿಕ್ಕಿತು ಅಂತಲೇ ತಿಳಿದು ಮುಂದುವರಿಯಿರಿ.

ಮೂರನೆಯದು -ಟಿ, ಅಂದರೆ ಬ್ಯಾಚ್. ಹೆಸರು ಕೇಳಿದರೆ ಸ್ಕ್ರಿಪ್ಟ್‌ಗೆಂದೇ ಮಾಡಿದಂತಿದೆ, ಅಲ್ವಾ? ಆದರೆ ಪ್ಯಾಚ್ ತಿರುಗಿದಂತೆ ಕಂಡರೆ ತಿರುಗಿದೆ ಅಂತಲೇ ಒಪ್ಪಿಕೊಂಡು ಹಾಕು ಅನ್ನುವುದು ಈ ಆಪ್ಷನ್‌ನ ಅರ್ಥ. ಮೊದಲ ಸಲ ಓಡಿಸಿದರೆ ಪ್ಯಾಚ್ ಹತ್ತುತ್ತದೆ. ಎರಡನೆಯ ಸಲ ಅದೇ ಪ್ಯಾಚ್ ಕಿತ್ತುಹೋಗುತ್ತದೆ. ಮೂರನೆಯ ಸಲ ಮತ್ತೆ ಹತ್ತುತ್ತದೆ. ಕೋಡ್ ಮಾತ್ರ ಪ್ರತಿ ಸಲವೂ 0. ‘ಒಂದು ಬಿಲ್ಡ್ ಸರಿ ಇರುತ್ತೆ, ಮುಂದಿನದು ಕೆಟ್ಟಿರುತ್ತೆ, ಆಮೇಲಿನದು ಮತ್ತೆ ಸರಿ’ ಅಂತ ಯಾರಾದರೂ ಹೇಳಿದರೆ, ಸ್ಕ್ರಿಪ್ಟ್‌ನಲ್ಲಿ -ಟಿ ಇದೆಯಾ ಅಂತ ನೋಡುವುದು ನನಗೆ ಈಗ ಅಭ್ಯಾಸವಾಗಿದೆ. ಸಣ್ಣಕ್ಷರದ -ಎಫ್ ಕೂಡ ಪ್ರಶ್ನೆ ಕೇಳುವುದಿಲ್ಲ, ಆದರೆ ಅದು ಹೀಗೆ ತಾನಾಗಿ ತಿರುಗಿಸುವುದಿಲ್ಲ.

ಸರಿಯಾದ ದಾರಿಯಲ್ಲಿ ಪ್ರತಿ ಪ್ಯಾಚ್‌ಗೂ ಎರಡು ಪ್ರಶ್ನೆ. ಮೊದಲು -ಎನ್ ಜೊತೆ ಡ್ರೈ-ರನ್ ಮಾಡಿ. 0 ಬಂದರೆ ನಿಜವಾಗಿ ಹಾಕಿ. ಬರಲಿಲ್ಲವೆಂದರೆ, ಮೇಲೆ ಹೇಳಿದ ಹಾಗೆ ತಿರುಗಿಸಿ ಡ್ರೈ-ರನ್ ಮಾಡಿ. ಅದಕ್ಕೆ 0 ಬಂದರೆ ಪ್ಯಾಚ್ ಆಗಲೇ ಇದೆ, ಹಾಗಂತ ಲಾಗ್‌ನಲ್ಲಿ ಬರೆದು ಮುಂದೆ ಹೋಗಿ. ಎರಡೂ ಆಗಲಿಲ್ಲ ಅಂದರೆ ನಿಲ್ಲಿಸಿ, ಪ್ಯಾಚ್‌ನ ಹೆಸರು ಹೇಳಿ, 1 ಕೊಟ್ಟು ಹೊರಗೆ ಬನ್ನಿ. ಎಲ್ಲಾ ಪ್ಯಾಚ್‌ಗೂ ಒಟ್ಟಿಗೆ ಮೊದಲು ಡ್ರೈ-ರನ್ ಮಾಡಿ ಆಮೇಲೆ ಹಾಕೋಣ ಅಂತ ಹೊರಟರೆ ಮಾತ್ರ ಕೆಡುತ್ತದೆ. ಡ್ರೈ-ರನ್ ಏನೂ ಬರೆಯುವುದಿಲ್ಲವಲ್ಲ, ಹಾಗಾಗಿ 3ನೆಯದರ ಮೇಲೆ ನಿಂತಿರುವ 4ನೆಯ ಪ್ಯಾಚ್ ವಿನಾಕಾರಣ ಬಿದ್ದಂತೆ ಕಾಣುತ್ತದೆ. ಒಂದೊಂದಾಗಿ, ಕ್ರಮವಾಗಿ.

ಆದರೂ ನನ್ನ ಸಲಹೆ ಏನೆಂದರೆ, ಸಾಧ್ಯವಾದಷ್ಟೂ ಎರಡನೆಯ ಸಲ ಅನ್ನುವುದೇ ಬೇಡ. ಪ್ರತಿ ಬಿಲ್ಡ್‌ಗೂ ಟಾರ್‌ಬಾಲ್ ಹೊಸದಾಗಿ ಬಿಚ್ಚಿ. ಪ್ಯಾಚ್ ಕಮಾಂಡ್ ‘ಇದ್ದರೆ ಎಲ್ಲಾ, ಇಲ್ಲದಿದ್ದರೆ ಏನೂ ಬೇಡ’ ಅನ್ನುವ ಜಾತಿಯದಲ್ಲ. ಮೂರು ಹಂಕ್‌ನಲ್ಲಿ ಒಂದು ಕೂರದಿದ್ದರೆ ಉಳಿದ ಎರಡನ್ನು ಫೈಲ್‌ಗೆ ಬರೆದೇಬಿಡುತ್ತದೆ. ಅಂಥ ಅರೆಬೆಂದ ಸೋರ್ಸ್ ಮೇಲೆ ಮತ್ತೆ ಓಡಿಸಿ ಬಂದ ಸಂದೇಶಗಳನ್ನು ಓದಿ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಸಮಯ ಹಾಳು.

ಪಟ್ಟಿ ಮತ್ತು ಕ್ರಮ

ಫೋಲ್ಡರ್‌ನಲ್ಲಿರುವ ಎಲ್ಲಾ ಪ್ಯಾಚ್‌ಗಳನ್ನು ನಕ್ಷತ್ರ ಹಾಕಿ ಲೂಪ್‌ಗೆ ಕೊಟ್ಟಿದ್ದರೆ, ಶೆಲ್ ಅವನ್ನು ಅಕ್ಷರದ ಲೆಕ್ಕದಲ್ಲಿ ಜೋಡಿಸುತ್ತದೆ, ಅಂಕಿಯ ಲೆಕ್ಕದಲ್ಲಿ ಅಲ್ಲ. 10 ಅಂತ ಶುರುವಾಗುವ ಫೈಲ್ 2ಕ್ಕಿಂತ ಮೊದಲು ಬರುತ್ತದೆ. ಒಂಬತ್ತು ಪ್ಯಾಚ್ ಇರುವ ತನಕ ಎಲ್ಲಾ ಚೆನ್ನಾಗಿದ್ದು, ಹತ್ತನೆಯದು ಸೇರಿಸಿದ ದಿನ ಬಿದ್ದರೆ ಕಾರಣ ಇದೇ. ಗಿಟ್ ಫಾರ್ಮ್ಯಾಟ್-ಪ್ಯಾಚ್ ಮಾಡುವ ಹಾಗೆ 0001, 0002 ಅಂತ ಮುಂದೆ ಸೊನ್ನೆ ಇಟ್ಟು ಹೆಸರಿಡಿ. ಅದಕ್ಕಿಂತ ಒಳ್ಳೆಯದು, ಪ್ಯಾಚ್‌ಗಳನ್ನು ನಿಭಾಯಿಸುವ ಕ್ವಿಲ್ಟ್ ಅನ್ನುವ ಟೂಲ್ ಬಳಸುವಂಥ ಸೀರೀಸ್ ಫೈಲ್: ಸಾಲಿಗೊಂದು ಹೆಸರು, ಮೇಲಿಂದ ಕೆಳಕ್ಕೆ ಕ್ರಮ. ನಾವು ಇಟ್ಟುಕೊಂಡಿದ್ದೂ ಅದನ್ನೇ.

ನಮ್ಮ ತಪ್ಪು ಇದ್ದದ್ದೂ ಅಲ್ಲೇ. ಪರೀಕ್ಷೆ ಮಾಡಿದ್ದು ಹೀಗೆ. ಲೂಪ್‌ನ ಒಳಗೆ ಪ್ರತಿ ಹೆಸರನ್ನೂ ಚೌಕ ಆವರಣದೊಳಗಿಟ್ಟು ಪ್ರಿಂಟ್ ಮಾಡಿಸಿದೆವು. ಹದಿಮೂರು ಹೆಸರು ಬಂದವು. 14ನೆಯದು ಬರಲೇ ಇಲ್ಲ, ಅಂದರೆ ಆ ಪ್ಯಾಚನ್ನು ಸ್ಕ್ರಿಪ್ಟ್ ಮುಟ್ಟಿಯೇ ಇರಲಿಲ್ಲ. ಸೀರೀಸ್ ಫೈಲ್ ಎಡಿಟರ್‌ನಲ್ಲಿ ತೆರೆದರೆ 14 ಸಾಲೂ ಕಣ್ಣಿಗೆ ಕಾಣುತ್ತಿದ್ದವು. ಆಮೇಲೆ ಅದರ ಬಾಲವನ್ನು ಓಡಿ -ಸಿ ಕಮಾಂಡ್‌ಗೆ ಕೊಟ್ಟೆ. ಅದು ಫೈಲ್‌ನ ಒಂದೊಂದು ಬೈಟನ್ನೂ ಬಿಡಿಸಿ ತೋರಿಸುತ್ತದೆ. 13ನೆಯ ಹೆಸರು ಮುಗಿದ ಕಡೆ ಬ್ಯಾಕ್‌ಸ್ಲ್ಯಾಶ್ ಎನ್ ಇತ್ತು, ಹೊಸಸಾಲಿನ ಗುರುತು. 14ನೆಯ ಹೆಸರು ಪಿ, ಎ, ಟಿ, ಸಿ, ಎಚ್ ಅಂತ ಮುಗಿದು, ಮುಂದೆ ಏನೂ ಇರಲಿಲ್ಲ. ಕೊನೆಯ ಸಾಲು ಸೇರಿಸಿದವರು ಎಂಟರ್ ಒತ್ತಿರಲಿಲ್ಲ.

ಶೆಲ್‌ನ ರೀಡ್ ಕಮಾಂಡ್ ಹೊಸಸಾಲಿನ ಗುರುತು ಸಿಗದೆ ಫೈಲ್ ಮುಗಿದರೆ, ಓದಿದ್ದನ್ನು ವೇರಿಯಬಲ್‌ಗೆ ತುಂಬುತ್ತದೆ, ಆದರೆ ‘ಮುಗಿಯಿತು’ ಅನ್ನುವ ಕೋಡ್ ಕೊಡುತ್ತದೆ. ವೈಲ್ ಲೂಪ್ ಆ ಕೋಡ್ ನೋಡಿ ನಿಲ್ಲುತ್ತದೆ. ಹೆಸರು ವೇರಿಯಬಲ್‌ನಲ್ಲಿ ಇದ್ದೂ ಒಳಗಿನ ಕೆಲಸ ನಡೆಯುವುದಿಲ್ಲ. ಪ್ಯಾಚ್ ಕಮಾಂಡ್ ಏನೂ ಹೇಳಲಿಲ್ಲ, ಯಾಕೆಂದರೆ ಅದನ್ನು ಯಾರೂ ಕರೆದೇ ಇರಲಿಲ್ಲ. ಪರಿಹಾರ ಲೂಪ್‌ನ ಷರತ್ತಿನಲ್ಲಿದೆ: ರೀಡ್ ಗೆದ್ದರೆ ಸರಿ, ಇಲ್ಲವೇ ವೇರಿಯಬಲ್ ಖಾಲಿ ಇಲ್ಲದಿದ್ದರೂ ಸರಿ ಅಂತ ಬರೆಯಬೇಕು. ಎರಡನೆಯ ಭಾಗಕ್ಕೆ ಟೆಸ್ಟ್ -ಎನ್, ಅಲ್ಲಿ ಎನ್ ಸಣ್ಣಕ್ಷರ. ರೀಡ್‌ಗೆ -ಆರ್ ಕೂಡ ಕೊಡಿ, ಅದೂ ಸಣ್ಣಕ್ಷರ.

ಸೀರೀಸ್ ಫೈಲನ್ನು ಯಾರಾದರೂ ವಿಂಡೋಸ್‌ನಲ್ಲಿ ತಿದ್ದಿದ್ದರೆ ಇನ್ನೊಂದು ತೊಂದರೆ. ಪ್ರತಿ ಹೆಸರಿನ ಬಾಲಕ್ಕೆ ಬ್ಯಾಕ್‌ಸ್ಲ್ಯಾಶ್ ಆರ್ ಅಂಟಿಕೊಂಡಿರುತ್ತದೆ. ಫೈಲ್ ಕಣ್ಣೆದುರೇ ಇದ್ದರೂ ‘ನೋ ಸಚ್ ಫೈಲ್’ ಬರುತ್ತದೆ. ಕೆಲವು ಶೆಲ್‌ಗಳಲ್ಲಿ ಆ ಸಂದೇಶದ ಮೊದಲರ್ಧವೇ ಪರದೆಯಿಂದ ಮಾಯವಾಗಿರುತ್ತದೆ, ಕರ್ಸರ್ ಹಿಂದಕ್ಕೆ ಹೋಗಿ ಅದರ ಮೇಲೇ ಬರೆದಿರುತ್ತದೆ. ಹೆಸರನ್ನು ಆವರಣದೊಳಗೆ ಪ್ರಿಂಟ್ ಮಾಡಿಸುವುದು ಇದಕ್ಕೂ ಸಹಾಯ: ಮುಚ್ಚುವ ಆವರಣ ಸಾಲಿನ ಮೊದಲಿಗೆ ಜಿಗಿದಿದ್ದರೆ ಕಾರಣ ಗೊತ್ತಾಯಿತು.

ಪ್ಯಾಚ್ ಕೂರುತ್ತಿಲ್ಲ, ಅದು ಹೇಳುತ್ತಲೂ ಇದೆ

ಇಲ್ಲಿ ಸ್ಕ್ರಿಪ್ಟ್‌ನ ತಪ್ಪಿಲ್ಲ, ಸಂದೇಶ ಓದಿದರೆ ಸಾಕು.

‘ಕಾಂಟ್ ಫೈಂಡ್ ಫೈಲ್ ಟು ಪ್ಯಾಚ್’ ಅಂದರೆ -ಪಿ ಅಂಕಿ ತಪ್ಪು, ಇಲ್ಲವೇ ನೀವು ನಿಂತಿರುವ ಡೈರೆಕ್ಟರಿ ತಪ್ಪು. ಪ್ಯಾಚ್ ಫೈಲ್‌ನಲ್ಲಿ ಮೂರು ಕೂಡಿಸುವ ಚಿಹ್ನೆ ಇರುವ ಸಾಲು ನೋಡಿ. ದಾರಿ ಬಿ/ಡ್ರೈವರ್ಸ್/ನೆಟ್ ಅಂತ ಶುರುವಾದರೆ ಮೊದಲ ಬಿ ತೆಗೆಯಬೇಕು, ಅಂದರೆ -ಪಿ1. ಡ್ರೈವರ್ಸ್‌ನಿಂದಲೇ ಶುರುವಾದರೆ -ಪಿ0. -ಪಿ ಪೂರ್ತಿ ಬಿಟ್ಟರೆ ಇನ್ನೂ ಕೆಟ್ಟದ್ದು. ಆಗ ದಾರಿಯೆಲ್ಲಾ ಕಿತ್ತು ಬರೀ ಫೈಲ್ ಹೆಸರನ್ನು ಹಿಡಿಯುತ್ತದೆ. ಕರ್ನಲ್‌ನಲ್ಲಿ ಎಲ್ಲಾ ಕಡೆ ಮೇಕ್‌ಫೈಲ್ ಇರುತ್ತದೆ. ನೆಟ್ ಡೈರೆಕ್ಟರಿಯ ಮೇಕ್‌ಫೈಲ್‌ಗೆ ಬರೆದ ಪ್ಯಾಚ್, ಎಲ್ಲಕ್ಕೂ ಮೇಲಿರುವ ಮೇಕ್‌ಫೈಲ್‌ಗೆ ಕೈ ಹಾಕುತ್ತದೆ.

‘ಡಿಫರೆಂಟ್ ಲೈನ್ ಎಂಡಿಂಗ್ಸ್’ ಅಂದರೆ ಪ್ಯಾಚ್‌ನಲ್ಲಿ ಒಂದು ಬಗೆಯ ಸಾಲುಕೊನೆ, ಸೋರ್ಸ್‌ನಲ್ಲಿ ಇನ್ನೊಂದು ಬಗೆ. ಮತ್ತೆ ಓಡಿ -ಸಿ. ‘ಮಾಲ್‌ಫಾರ್ಮ್ಡ್ ಪ್ಯಾಚ್’ ಅಂದರೆ ಹೆಚ್ಚಿನ ಸಲ ಯಾರೋ ಪ್ಯಾಚನ್ನು ಕೈಯಿಂದ ತಿದ್ದಿದ್ದಾರೆ. ಹಂಕ್‌ನ ತಲೆಯಲ್ಲಿ @@ -412,6 +412,7 @@ ಅಂತ ಇರುತ್ತದಲ್ಲ, ಅದು ಲೆಕ್ಕ: ಹಳೆಯ ಫೈಲ್‌ನ 412ನೆಯ ಸಾಲಿನಿಂದ 6 ಸಾಲು, ಹೊಸದರಲ್ಲಿ 7. ಕೆಳಗೆ ಒಂದು ಸಾಲು ಸೇರಿಸಿ ಈ 7ನ್ನು 8 ಮಾಡದಿದ್ದರೆ ಲೆಕ್ಕ ತಪ್ಪುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ ಪ್ಯಾಚ್‌ಗಳಲ್ಲಿ ಟ್ಯಾಬ್ ಹೋಗಿ ಸ್ಪೇಸ್ ಬಂದಿರುತ್ತದೆ. -ಎಲ್ ಹಾಕಿದರೆ ಖಾಲಿ ಜಾಗದ ವ್ಯತ್ಯಾಸ ಬಿಟ್ಟು ಹೊಂದಿಸುತ್ತದೆ ನಿಜ, ಆದರೆ ಮೂಲ ಫೈಲನ್ನೇ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು.

ಕರ್ನಲ್‌ನವರಿಗೆ ಮಾತ್ರ ಒಂದು ಮಾತು. ಪ್ಯಾಚ್-6.6.3 ಅನ್ನುವ ಫೈಲ್ ಕೂರುವುದು 6.6ರ ಮೇಲೆ, 6.6.2ರ ಮೇಲೆ ಅಲ್ಲ. 6.6.2ರಿಂದ ಮುಂದೆ ಹೋಗಬೇಕಾದರೆ ಮೊದಲು ಪ್ಯಾಚ್-6.6.2 ತಿರುಗಿಸಿ ತೆಗೆದು, ಆಮೇಲೆ 6.6.3 ಹಾಕಬೇಕು. ಒಂದರ ಮೇಲೊಂದು ಹಾಕುವ ಪ್ಯಾಚ್‌ಗಳು ಕರ್ನಲ್ ಡಾಟ್ ಆರ್ಗ್‌ನಲ್ಲಿ ಬೇರೆ ಡೈರೆಕ್ಟರಿಯಲ್ಲಿ ಇರುತ್ತವೆ. ನೂರಾರು ರಿಜೆಕ್ಟ್ ಒಟ್ಟಿಗೆ ಬಂದರೆ ಇದನ್ನೇ ಅನುಮಾನಿಸಿ.

ಸೊನ್ನೆ ಬಂದರೂ ತಪ್ಪಾಗಿರುವ ಎರಡು ಸಂದರ್ಭ

ಪ್ಯಾಚ್ ಸೊನ್ನೆ ಕೊಟ್ಟಿದೆ, ಸ್ಕ್ರಿಪ್ಟ್ ಸರಿಯಾಗಿ ಕೇಳಿಸಿಕೊಂಡಿದೆ, ಆದರೂ ಕೋಡ್ ತಪ್ಪು. ಮೊದಲನೆಯದು ಫಜ್. ಸುತ್ತಲಿನ ಸಾಲುಗಳು ಪೂರ್ತಿ ಹೊಂದದಿದ್ದರೆ ಪ್ಯಾಚ್ ಮೇಲಿನ, ಕೆಳಗಿನ ಒಂದೆರಡು ಸಾಲು ಬಿಟ್ಟು ಮತ್ತೆ ಹೊಂದಿಸಿ ನೋಡುತ್ತದೆ. ತಾನಾಗಿ 2ರ ತನಕ ಹೋಗುತ್ತದೆ. ಸಾಲಿನ ಸಂಖ್ಯೆಯೂ ಸರಿದಿರಬಹುದು, ಅದಕ್ಕೆ ಆಫ್‌ಸೆಟ್ ಅನ್ನುತ್ತದೆ. ಡ್ರೈವರ್ ಕೋಡ್‌ನಲ್ಲಿ ಒಂದೇ ಥರದ ಕೇಸ್ ತುಂಡುಗಳು, ಒಂದೇ ಥರದ ಎರರ್ ದಾರಿಗಳು ಹತ್ತಾರು ಇರುತ್ತವೆ. ‘ಹಂಕ್ #2 ಸಕ್ಸೀಡೆಡ್ ಅಟ್ 611 ವಿತ್ ಫಜ್ 2, ಆಫ್‌ಸೆಟ್ 187 ಲೈನ್ಸ್’ ಅನ್ನುವಂಥ ಸಾಲು ಕಂಡರೆ ನಾನು ಫೈಲ್ ತೆರೆದು 611ನೆಯ ಸಾಲು ನೋಡದೆ ಬಿಡುವುದಿಲ್ಲ. 187 ಸಾಲು ಆಚೆ ಇರುವುದು ಬೇರೆ ಫಂಕ್ಷನ್ ಆಗಿರಬಹುದು. ಅದು ಕಂಪೈಲ್ ಆಗುತ್ತದೆ, ಓಡುತ್ತದೆ, ತಪ್ಪು ಕೆಲಸ ಮಾಡುತ್ತದೆ. ಪ್ಯಾಕೇಜ್ ಕಟ್ಟುವ ಟೂಲ್‌ಗಳಲ್ಲಿ ಡೆಬಿಯನ್‌ನ ಡಿಪಿಕೆಜಿ-ಸೋರ್ಸ್ ಫಜ್ ಒಪ್ಪುವುದಿಲ್ಲ, ಆರ್‌ಪಿಎಂ ಕೂಡ ತಾನಾಗಿ 0 ಇಟ್ಟುಕೊಂಡಿರುತ್ತದೆ. ಇಬ್ಬರಿಗೂ ಅನುಭವ ಇದೆ. ನಿಮ್ಮ ಸ್ಕ್ರಿಪ್ಟ್‌ನಲ್ಲೂ ದೊಡ್ಡಕ್ಷರದ -ಎಫ್0 ಹಾಕಿ. ಅದು ಬಿದ್ದರೆ ಪ್ಯಾಚನ್ನು ಹೊಸ ಸೋರ್ಸ್‌ಗೆ ತಕ್ಕಂತೆ ಮತ್ತೆ ತಯಾರಿಸಿ. ಆಫ್‌ಸೆಟ್ಟನ್ನು -ಎಫ್0 ತಡೆಯುವುದಿಲ್ಲ, ಅದನ್ನು ಲಾಗ್‌ನಲ್ಲಿ ಹುಡುಕಿಯೇ ನೋಡಬೇಕು.

ಎರಡನೆಯದು ಗಿಟ್ ಅಪ್ಲೈ, ಅಂದರೆ ಪ್ಯಾಚ್ ಹಾಕಲು ಗಿಟ್‌ನಲ್ಲೇ ಇರುವ ಕಮಾಂಡ್. ಇದು ಒಂದು ವಿಷಯದಲ್ಲಿ ಪ್ಯಾಚ್‌ಗಿಂತ ಒಳ್ಳೆಯದು: ಒಂದು ಹಂಕ್ ಕೂರದಿದ್ದರೂ ಯಾವ ಫೈಲನ್ನೂ ಮುಟ್ಟುವುದಿಲ್ಲ. ಆದರೆ ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗಳೇ ಒಂದು ಗಿಟ್ ರೆಪೊ ಆಗಿದ್ದು, ಅದರೊಳಗಿನ ಬಿಲ್ಡ್ ಫೋಲ್ಡರ್‌ನಲ್ಲಿ ಟಾರ್‌ಬಾಲ್ ಬಿಚ್ಚಿ, ಅಲ್ಲಿ ನಿಂತು ಗಿಟ್ ಅಪ್ಲೈ ಓಡಿಸಿದರೆ ಬೇರೆಯೇ ಆಗುತ್ತದೆ. ಗಿಟ್ ತಯಾರಿಸಿದ ಪ್ಯಾಚ್‌ನಲ್ಲಿರುವ ದಾರಿಗಳನ್ನು ಅದು ಹೊರಗಿನ ರೆಪೊದ ಬುಡದಿಂದ ಲೆಕ್ಕ ಹಾಕುತ್ತದೆ. ಆ ದಾರಿಗಳು ನೀವು ನಿಂತ ಫೋಲ್ಡರ್‌ನ ಹೊರಗಿವೆ ಅಂತ ತಿಳಿದು ಎಲ್ಲವನ್ನೂ ಬಿಟ್ಟುಬಿಡುತ್ತದೆ. ಒಂದು ಸಂದೇಶವಿಲ್ಲ, ಕೋಡ್ 0. ಸಣ್ಣಕ್ಷರದ -ವಿ ಹಾಕಿ ನೋಡಿ, ‘ಸ್ಕಿಪ್ಡ್ ಪ್ಯಾಚ್’ ಅಂತ ಬಂದರೆ ಇದೇ ಕಾಯಿಲೆ. ಟಾರ್‌ಬಾಲನ್ನು ರೆಪೊದ ಹೊರಗೆ ಬಿಚ್ಚಿ. ಆಗದಿದ್ದರೆ ಗಿಟ್ ಸೀಲಿಂಗ್ ಡೈರೆಕ್ಟರೀಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಸೋರ್ಸ್ ಬಿಚ್ಚಿದ ಜಾಗದ ಒಂದು ಮೆಟ್ಟಿಲು ಮೇಲಿನ ದಾರಿಯನ್ನು ಪೂರ್ತಿಯಾಗಿ ಕೊಡಿ. ಹೆಸರು ಎಲ್ಲಾ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್.

ಹೊರಗಿನಿಂದ ತಂದ ಪ್ಯಾಚ್‌ಗಳನ್ನು ಸ್ಕ್ರಿಪ್ಟ್ ತಾನೇ ಡೌನ್‌ಲೋಡ್ ಮಾಡಿ ಹಾಕುತ್ತಿದ್ದರೆ, ದಯವಿಟ್ಟು ಅದನ್ನು ರೂಟ್ ಆಗಿ ಓಡಿಸಬೇಡಿ. ಇಡಿ ಅನ್ನುವ ಹಳೆಯ ಎಡಿಟರ್‌ಗೆ ಕೊಡುವ ಕಮಾಂಡ್‌ಗಳ ರೂಪದಲ್ಲೂ ಪ್ಯಾಚ್ ಇರಬಹುದು. 2018ರಲ್ಲಿ ಸಿವಿಇ-2018-1000156 ಅಂತ ದಾಖಲಾದ ದೋಷದಲ್ಲಿ, ಅಂಥ ಪ್ಯಾಚ್ ಮೂಲಕ ಯಾವ ಶೆಲ್ ಕಮಾಂಡನ್ನಾದರೂ ಓಡಿಸಲು ಬರುತ್ತಿತ್ತು. ಸಣ್ಣಕ್ಷರದ -ಯು ಹಾಕಿ ಯೂನಿಫೈಡ್ ರೂಪವನ್ನು ಮಾತ್ರ ಓದಿಸಿ, ಚೆಕ್‌ಸಮ್ ಹೋಲಿಸಿ ನೋಡಿ.

ಕೊನೆಗೆ ಸ್ಕ್ರಿಪ್ಟ್ ಏನು ಎಣಿಸಬೇಕು

ಲಿನಕ್ಸ್ ಕರ್ನಲ್ ಸೋರ್ಸ್‌ನೊಳಗೆ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿ ಪ್ಯಾಚ್-ಕರ್ನಲ್ ಅಂತ ಒಂದು ಶೆಲ್ ಸ್ಕ್ರಿಪ್ಟ್ ಇತ್ತು, 1995ರಲ್ಲಿ ನಿಕ್ ಹಾಲೊವೇ ಬರೆದದ್ದು. ಪ್ಯಾಚ್ ಹಾಕಿದ ಮೇಲೆ ಅದು ಇಡೀ ಸೋರ್ಸ್‌ನಲ್ಲಿ .ರೆಜ್ ಫೈಲ್ ಹುಡುಕುತ್ತದೆ. ಒಂದು ಸಿಕ್ಕರೂ ನಿಲ್ಲುತ್ತದೆ. ಪ್ಯಾಚ್ ಏನು ಹೇಳಿತು ಅನ್ನುವುದರ ಜೊತೆಗೆ ಡಿಸ್ಕ್ ಮೇಲೆ ಏನು ಬಿದ್ದಿದೆ ಅಂತಲೂ ನೋಡುವ ಈ ರೀತಿ ನನಗೆ ಬಹಳ ಇಷ್ಟ. ನನ್ನ ಸ್ಕ್ರಿಪ್ಟ್‌ನಲ್ಲೂ ಈಗ ಇದು ಇದೆ. ಹೊಸದಾಗಿ ಬಿಚ್ಚಿದ ಸೋರ್ಸ್ ಆದರೆ ಹಳೆಯ .ರೆಜ್ ಉಳಿದು ಸುಳ್ಳು ಎಚ್ಚರಿಕೆ ಕೊಡುವ ಭಯವೂ ಇಲ್ಲ.

ಅದರ ಜೊತೆ ಒಂದು ಎಣಿಕೆ ಸೇರಿಸಿದ್ದೇವೆ: ಸೀರೀಸ್‌ನಲ್ಲಿ ಎಷ್ಟು ಹೆಸರಿವೆ, ಎಷ್ಟು ಪ್ಯಾಚ್ ಹತ್ತಿದವು. ಎರಡೂ ಒಂದೇ ಆಗದಿದ್ದರೆ ಬಿಲ್ಡ್ ಶುರುವಾಗುವುದಿಲ್ಲ. ಮೊದಲು ಈ ಎಣಿಕೆಗೆ ಡಬ್ಲ್ಯೂಸಿ -ಎಲ್ ಬಳಸಿದ್ದೆವು. ಕೆಟ್ಟ ಸೀರೀಸ್ ಫೈಲನ್ನೇ ಕೊಟ್ಟು ಪರೀಕ್ಷಿಸಿದಾಗ ಅದು 13 ಅಂದಿತು. ಡಬ್ಲ್ಯೂಸಿ ಎಣಿಸುವುದು ಸಾಲುಗಳನ್ನಲ್ಲ, ಹೊಸಸಾಲಿನ ಗುರುತುಗಳನ್ನು. ಹಳೆಯ ಲೂಪ್ ಹಾಕಿದ್ದೂ 13, ಇದು ಎಣಿಸಿದ್ದೂ 13. ಎರಡೂ ಒಂದೇ ಕಡೆ ಎಡವಿ, ಲೆಕ್ಕ ಸರಿ ಇದೆ ಅಂತ ತೋರಿಸುತ್ತಿದ್ದವು. ಗ್ರೆಪ್ -ಸಿ ಜೊತೆ ಒಂದು ಚುಕ್ಕಿ ಕೊಟ್ಟೆವು. ಏನಾದರೂ ಅಕ್ಷರ ಇರುವ ಸಾಲನ್ನೆಲ್ಲಾ ಅದು ಎಣಿಸುತ್ತದೆ, ಕೊನೆಯಲ್ಲಿ ಎಂಟರ್ ಇರಲಿ ಬಿಡಲಿ. ಅದು 14 ಅಂದಿತು, ಹಳೆಯ ಲೂಪ್ 13ಕ್ಕೆ ನಿಂತಿತು, ಬಿಲ್ಡ್ ಅಲ್ಲೇ ಬಿತ್ತು. ಆಮೇಲೆ ಲೂಪ್‌ನ ಷರತ್ತು ತಿದ್ದಿ, ಅದೇ ಕೆಟ್ಟ ಫೈಲ್ ಮೇಲೆ ಮತ್ತೆ ಓಡಿಸಿದೆವು. 14ರಲ್ಲಿ 14. ಆ ಇಮೇಜನ್ನು ಡಬ್ಬಿಗೆ ಹಾಕಿ ರಾತ್ರಿಯಿಡೀ ಲೋಡ್ ಕೊಟ್ಟೆವು. ಬೆಳಿಗ್ಗೆ ಬಂದಾಗ ಅದರ ದೀಪ ಇನ್ನೂ ಮಿನುಗುತ್ತಿತ್ತು.